ಮುಂಬಾಗಿಲ ಸ್ಥಿತಿ

ಅಂಟಿಸಿದವಳೂ ನಾನೇ, ಕಿತ್ತವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಅಷ್ಟು ಹೊತ್ತೂ ನೀವು ನನ್ನನ್ನು ಒಳ್ಳೆಯವಳು ಅಂದುಕೊಂಡು ಕೇಳಿರುತ್ತೀರಿ. ಅದು ಇನ್ನೊಂದು ಮೋಸವಾಗುತ್ತದೆ. ಮಾಡಿದ ಮೋಸವೇ ಸಾಕಷ್ಟಿದೆ.

ನಾನು ವಸತಿ ಕಚೇರಿಯಲ್ಲಿ ನೋಟಿಸ್ ಅಂಟಿಸುವವಳು. ಕೆಲಸಕ್ಕೆ ಕಾಗದದಲ್ಲಿ ಏನೋ ದೊಡ್ಡ ಹೆಸರಿದೆ, ಕಚೇರಿಯಲ್ಲಿ ಎಲ್ಲರೂ ಕರೆಯುವುದು ಗೋಂದಕ್ಕ ಅಂತ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಬ್ರಶ್ಶು, ಕಂಕುಳಲ್ಲಿ ಕಾಗದದ ಕಟ್ಟು. ಸರ್ಕಾರಿ ಮನೆಗಳಲ್ಲಿರುವವರಿಗೆ ಸರ್ಕಾರ ಏನಾದರೂ ಹೇಳಬೇಕೆಂದರೆ ಅದು ನನ್ನ ಬ್ರಶ್ಶಿನ ಮೂಲಕವೇ ಹೋಗಬೇಕು. ಒಂಬತ್ತು ವರ್ಷ ಅಂಟಿಸಿದ್ದೇನೆ. ಒಂಬತ್ತು ವರ್ಷವೂ ಹಂಗಾಮಿ. ಇವತ್ತು ಬಾ ಅಂದರೆ ಬರಬೇಕು, ನಾಳೆ ಬೇಡ ಅಂದರೆ ಬಾಯಿ ಮುಚ್ಚಿಕೊಂಡು ಹೋಗಬೇಕು.

ಅಮ್ಮ ರಸ್ತೆ ಗುಡಿಸುವವಳು. ಮೂವತ್ತೊಂದು ವರ್ಷದಿಂದ ರಾತ್ರಿ ಪಾಳಿ. ಗುಡಿಸುವವರಿಗೆಂದು ನಗರಸಭೆ ಕಟ್ಟಿಸಿದ ನಲವತ್ತೆರಡು ಮನೆಗಳ ಒಂದು ಸಾಲಿದೆ. ಎಲ್ಲರೂ ಅದನ್ನು ಲೈನು ಅನ್ನುತ್ತಾರೆ. ಹದಿನೇಳನೆಯ ಮನೆ ನಮ್ಮದು. ಒಂದು ಕೋಣೆ, ಒಂದು ಒಲೆಯ ಮೂಲೆ, ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಹಿಂಬಾಗಿಲು ತೆರೆದರೆ ಮೋರಿ, ಮೋರಿ ದಾಟಿದರೆ ಎಲ್ಲರಿಗೂ ಸೇರಿ ಆರು ಕಕ್ಕಸು. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಕಚೇರಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಕೆಲಸ ಸಿಕ್ಕಿದ ಮೇಲೆ ಕಚೇರಿಯ ಹತ್ತಿರ ಒಂದು ರೂಮು ಹಿಡಿದೆ. ಯಾರಾದರೂ ಕೇಳಿದರೆ "ನಮ್ಮಮ್ಮ ತುಂಬಾ ದೂರದಲ್ಲಿದ್ದಾರೆ" ಅನ್ನುತ್ತಿದ್ದೆ. ಬಸ್ಸಿನಲ್ಲಿ ಇಪ್ಪತ್ತು ನಿಮಿಷ.

ರಾತ್ರಿ ದುಡಿದವರು ಹಗಲು ಮಲಗಬೇಕು. ಹಗಲು ಮಲಗಲು ಯಾರು ಬಿಡುತ್ತಾರೆ? ಪ್ಲಾಸ್ಟಿಕ್ ಬಕೆಟ್ ಮಾರುವವನು ಬಾಗಿಲು ಬಡಿಯುತ್ತಾನೆ. ಹಳೇ ಪೇಪರಿನವನು ಬಡಿಯುತ್ತಾನೆ. ದಾರಿ ತಪ್ಪಿದವನು ವಿಳಾಸ ಕೇಳಲು ಬಡಿಯುತ್ತಾನೆ. ಅದಕ್ಕೆ ಲೈನಿನವರು ಒಂದು ಉಪಾಯ ಮಾಡಿಕೊಂಡಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಹೊರಗಿನಿಂದ ಬೀಗ. ಬೀಗ ಕಂಡರೆ ಯಾರೂ ಬಡಿಯುವುದಿಲ್ಲ. ಒಳಗೆ ನಿದ್ದೆ. ಹೊರಗೆ ಬರಬೇಕಾದರೆ ಹಿಂಬಾಗಿಲಿದೆ. ಬೀಗ ಹಾಕುವುದು, ನಾಲ್ಕು ಗಂಟೆಗೆ ತೆಗೆಯುವುದು ಎರಡೂ ಬೀಗದಜ್ಜಿಯ ಕೆಲಸ. ಅವಳು ಪೊರಕೆ ಹಿಡಿದು ಹಿಡಿದು ಸೊಂಟ ಬಿದ್ದುಹೋದ ಮುದುಕಿ. ಕಣ್ಣು ಮಂಜು. ನಲವತ್ತೆರಡು ಬೀಗದ ಕೈಗಳನ್ನು ಒಂದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು, ಯಾವುದು ಯಾರದ್ದೆಂದು ಬೆರಳಲ್ಲಿ ಮುಟ್ಟಿಯೇ ಹೇಳುತ್ತಾಳೆ. ಬೇರೆ ಬೀದಿಯಲ್ಲಿ ಬೀಗ ಕಂಡರೆ ಮನೆಯಲ್ಲಿ ಜನ ಇಲ್ಲ ಎಂದರ್ಥ. ನಮ್ಮ ಲೈನಿನಲ್ಲಿ ಬೀಗ ಕಂಡರೆ ಜನ ಇದ್ದಾರೆ ಎಂದರ್ಥ.

ಇದನ್ನು ಕಚೇರಿಯಲ್ಲಿ ಹೇಳಿದವಳು ನಾನು.

ಅವತ್ತು ಚಹಾದ ಹೊತ್ತು. ಸಾಹೇಬರು ಒಂದು ಫೈಲು ಮುಚ್ಚಿ, "ಈ ಗುಡಿಸೋರ ಲೈನಿಗೆ ಯಾವಾಗ ಜನ ಕಳಿಸಿದ್ರೂ ಬೀಗಾನೇ ಅಂತಾರಲ್ಲಯ್ಯ. ಇವರೆಲ್ಲ ಇರೋದಾದ್ರೂ ಎಲ್ಲಿ?" ಅಂದರು. ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಂಬತ್ತು ವರ್ಷದಲ್ಲಿ ಸಾಹೇಬರ ಒಂದು ಪ್ರಶ್ನೆಗೆ ನನಗೊಬ್ಬಳಿಗೇ ಉತ್ತರ ಗೊತ್ತಿದ್ದದ್ದು ಅದೇ ಮೊದಲು. ಬಾಯಿ ತಡೆಯಲಿಲ್ಲ.

"ಅಯ್ಯೋ ಸರ್, ಒಳಗೇ ಇರ್ತಾರೆ. ಹೊರಗಿಂದ ಬೀಗ ಹಾಕಿಸ್ಕೊಂಡು ಒಳಗೆ ಬಿದ್ಕೊಂಡಿರ್ತಾರೆ. ಹೊತ್ತು ಮುಳುಗೋವರೆಗೂ ಏಳಲ್ಲ!"

ಬಿದ್ದುಕೊಂಡಿರುತ್ತಾರೆ ಅಂದೆ. ಮಲಗಿರುತ್ತಾರೆ ಅನ್ನಲಿಲ್ಲ. ಅಷ್ಟಕ್ಕೇ ನಿಲ್ಲಿಸಿದೆನೇ? ಗೊರಕೆ ಹೇಗೆ ಹೊಡೆಯುತ್ತಾರೆ ಅಂತ ಅಣಕಿಸಿಯೂ ತೋರಿಸಿದೆ. ಮೊದಲು ಸಣ್ಣ ಶಿಳ್ಳೆ, ಆಮೇಲೆ ಗರಗಸ ಎಳೆದ ಸದ್ದು, ನಡುವೆ ಒಂದು ಕೆಮ್ಮು. ಕಚೇರಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರೂ ನಕ್ಕರು. "ಒಳ್ಳೆ ಆಸಾಮಿ ಕಣಮ್ಮ ನೀನು" ಅಂದರು. ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ. ಥೂ! ನಾನು ಅಣಕಿಸಿದ ಆ ಗೊರಕೆ ಅಮ್ಮನದು. ನನಗೆ ಬೇರೆ ಯಾರ ಗೊರಕೆಯೂ ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ.

ಹತ್ತು ದಿನ ಬಿಟ್ಟು ಸಾಹೇಬರು ನನ್ನನ್ನು ಒಳಗೆ ಕರೆಸಿದರು. ಕುರ್ಚಿ ತೋರಿಸಿ "ಕೂತ್ಕೊಮ್ಮ" ಅಂದರು. ಆ ಕೋಣೆಯಲ್ಲಿ ನಾನು ಅದುವರೆಗೆ ಕೂತಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತೆ.

ವಿಷಯ ಇಷ್ಟು. ಲೈನು ಇರುವ ಜಾಗದಲ್ಲಿ ಕಾರು ನಿಲ್ಲಿಸಲು ಏಳು ಅಂತಸ್ತಿನ ಕಟ್ಟಡ ಬರಬೇಕು. ಕಾರಿಗೂ ಮನೆ ಬೇಕಲ್ಲ, ಪಾಪ. ಲೈನಿನಲ್ಲಿ ವಾಸ ಇರುವವರನ್ನು ಎಬ್ಬಿಸಬೇಕಾದರೆ ಕಾನೂನಿದೆ. ನೋಟಿಸ್ ಕೊಡಬೇಕು, ಹದಿನೈದು ದಿನ ಕಾಯಬೇಕು, ಅವರು ಹೇಳುವುದನ್ನು ಕೇಳಬೇಕು, ಬೇರೆ ಮನೆ ಕೊಟ್ಟ ಮೇಲೆಯೇ ಕಳಿಸಬೇಕು. ವಾಸವೇ ಇಲ್ಲದಿದ್ದರೆ ಇದ್ಯಾವುದೂ ಬೇಡ. ಮನೆಗಳಿಗೆ ಬೀಗ ಬಿದ್ದಿದೆ, ಯಾರೂ ಇಲ್ಲ, ನೋಟಿಸ್ ಅಂಟಿಸಿದರೂ ಯಾರೂ ಉತ್ತರ ಕೊಡಲಿಲ್ಲ ಅಂತ ವರದಿಯಾದರೆ ಸಾಕು. ಮನೆ ಇಲಾಖೆಗೆ ವಾಪಸು. ಬದಲಿ ಮನೆಯ ಮಾತೇ ಇಲ್ಲ.

"ಹನ್ನೊಂದರಿಂದ ಒಂದರ ಒಳಗೆ ಹೋಗು," ಅಂದರು ಸಾಹೇಬರು. "ಗಟ್ಟಿ ಅಂಟು ಬೇಡ. ನಾಲ್ಕು ಮೂಲೆಗೆ ಮಾತ್ರ ಮುಟ್ಸು. ಗುಮಾಸ್ತ ಫೋಟೊ ತಗೋತಾನೆ. ಆಮೇಲೆ ಕಿತ್ಕೊಂಡು ಬಂದ್ಬಿಡು."

"ಕಿತ್ತುಬಿಟ್ರೆ ಅವರು ಓದೋದು ಹೇಗೆ ಸರ್?"

"ಅವರಿಗೆ ಓದೋಕೆ ಬರುತ್ತಾ?" ಅಂದರು. ಆಮೇಲೆ ಮೇಜಿನ ಮೇಲಿದ್ದ ಒಂದು ನೀಲಿ ಫೈಲಿನ ಮೇಲೆ ಬೆರಳಿಟ್ಟರು. "ನಿನ್ನ ಖಾಯಂ ಮಾಡೋ ಫೈಲು. ಇನ್ನೂ ಸಹಿ ಹಾಕಿಲ್ಲ."

ನಾನು ಎದ್ದು ನಿಂತೆ. "ಆಗ್ಲಿ ಸರ್" ಅಂದೆ. ಯೋಚಿಸುತ್ತೇನೆ ಅಂತಲೂ ಅನ್ನಲಿಲ್ಲ.

ಅಂಟು ಕಾಯಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಮೈದಾಹಿಟ್ಟು, ನೀರು, ಸಣ್ಣ ಉರಿ, ಗಂಟು ಕಟ್ಟದ ಹಾಗೆ ಒಂದೇ ಕಡೆ ತಿರುಗಿಸುತ್ತಿರಬೇಕು. ಗಟ್ಟಿಯಾಗಿ ಕಾಯಿಸಿದರೆ ಆರು ತಿಂಗಳ ಬಿಸಿಲಿಗೂ ಕಾಗದ ಬಿಡುವುದಿಲ್ಲ. ಅವತ್ತು ನೀರು ನೀರಾಗಿ ಕಾಯಿಸಿದೆ. ಬೆರಳಲ್ಲಿ ಮುಟ್ಟಿ ನೋಡಿದೆ. ಹಿಡಿಯಬೇಕು, ಆದರೆ ಹಿಡಿದುಕೊಳ್ಳಬಾರದು. ಸರಿಯಾಗಿ ಬಂತು.

ಲೈನಿನ ತುದಿಯಲ್ಲಿ ಬೀಗದಜ್ಜಿ ಮೆಟ್ಟಿಲ ಮೇಲೆ ಕೂತಿದ್ದಳು. ಗುಮಾಸ್ತ ಇನ್ನೂ ತಿರುವಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ.

"ಯಾರದು?"

"ನಾನು ಅಜ್ಜಿ. ಹದಿನೇಳರ ಮನೆ ಮಗಳು."

"ಅಯ್ಯೋ ನೀನಾ! ಅಮ್ಮನ್ನ ನೋಡೋಕೆ ಬಂದ್ಯಾ? ಈಗಷ್ಟೇ ಕಣ್ಣು ಹತ್ತಿದೆ ಕಣೆ ಅವಳಿಗೆ. ಎಬ್ಬಿಸಬೇಡ."

"ಇಲ್ಲಜ್ಜಿ, ಎಬ್ಬಿಸಲ್ಲ. ಆಫೀಸ್ ಕೆಲ್ಸ. ಜನಗಣತಿ ಕಾಗದ ಅಂಟಿಸ್ಬೇಕು."

"ಅಂಟಿಸು ಅಂಟಿಸು. ಗಾಳಿ ಇದೆ, ನಾನು ಹಿಡ್ಕೋತೀನಿ ತಾ."

ಹಿಡಿದಳು. ದೇವರಾಣೆಗೂ ಹಿಡಿದಳು. ಸೊಂಟ ಬಗ್ಗಿದ ಮುದುಕಿ ಮನೆಯಿಂದ ಮನೆಗೆ ನನ್ನ ಜೊತೆ ಬಂದಳು. ಕಾಗದದ ಕೆಳಗಿನ ಎರಡು ಮೂಲೆಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ನಾನು ಬ್ರಶ್ಶು ಮುಟ್ಟಿಸಿದೆ. ಗುಮಾಸ್ತ ಬಂದು "ಅಜ್ಜಿ ಪಕ್ಕಕ್ಕೆ" ಅಂದ, ಫೋಟೊ ತೆಗೆದ. ನಾನು ಮೇಲಿನ ಮೂಲೆ ಹಿಡಿದು ಕಾಗದ ಎಳೆದೆ.

"ಏನೇ ಅದು, ಚರ್ ಅಂತು?"

"ತಪ್ಪು ಕಾಗದ ಬಂದಿದೆ ಅಜ್ಜಿ. ಬೇರೆ ತರ್ತೀನಿ. ಯಾರ ಹತ್ರಾನೂ ಹೇಳ್ಬೇಡ, ನನ್ನ ಕೆಲ್ಸಕ್ಕೆ ಕುತ್ತು ಬರುತ್ತೆ."

"ಮೆಲ್ಲಗೆ ಮಾತಾಡೇ. ಮಲಗಿದಾರೆ," ಅಂದಳು ಮುದುಕಿ.

ಹದಿನಾರು ಮನೆ ಹೀಗೆ ಆಯಿತು. ಒಂದೊಂದು ಮನೆಗೂ ಒಂದೊಂದು ಫಾರಂ ತುಂಬಿದೆ. ಫಾರಂನಲ್ಲಿ ಒಂದು ಸಾಲಿದೆ: ಮುಂಬಾಗಿಲ ಸ್ಥಿತಿ. ತೆರೆದಿದೆ, ಮುಚ್ಚಿದೆ, ಬೀಗ ಹಾಕಿದೆ, ಈ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಹಿಂಬಾಗಿಲಿಗೆ ಫಾರಂನಲ್ಲಿ ಜಾಗವೇ ಇಲ್ಲ. ಹದಿನಾರು ಸಲ ಬೀಗಕ್ಕೆ ಗುರುತು ಹಾಕಿದೆ.

ಹದಿನೇಳನೆಯ ಬಾಗಿಲು. ಒಳಗಿನಿಂದ ಶಿಳ್ಳೆ. ಆಮೇಲೆ ಗರಗಸ. ಬ್ರಶ್ಶು ಹಿಡಿದ ಕೈ ಎತ್ತಲಾಗಲಿಲ್ಲ. ಹಲಗೆ ಅರ್ಧ ಬೆರಳು ದಪ್ಪವೂ ಇಲ್ಲ, ಅದರಾಚೆ ಅಮ್ಮ ಚಾಪೆಯ ಮೇಲೆ, ಒಂದು ಕೈ ಕಣ್ಣಿನ ಮೇಲೆ ಅಡ್ಡ ಇಟ್ಟುಕೊಂಡು. ಅವಳು ಮಲಗುವುದು ಯಾವಾಗಲೂ ಹಾಗೆಯೇ. ಪೊರಕೆಯ ಕಡ್ಡಿ ಉಜ್ಜಿ ಉಜ್ಜಿ ಅವಳ ಅಂಗೈ ಚಪ್ಪಲಿಯ ಅಟ್ಟೆಯ ಹಾಗಾಗಿದೆ. ಅಂಥ ಕೈಯಲ್ಲಿ ನನ್ನ ಶಾಲೆಯ ಫೀಸು ಕಟ್ಟಿದಳು. ಓದು ಬಂದದ್ದರಿಂದ ತಾನೇ ನನಗೆ ಈ ಫಾರಂ ತುಂಬಲು ಬಂದದ್ದು.

"ಏನು ಗೋಂದಕ್ಕ, ನಿಂತ್ಬಿಟ್ರಿ? ಬಿಸಿಲು ತಲೆ ಸುಡ್ತಿದೆ, ಬೇಗ," ಅಂದ ಗುಮಾಸ್ತ.

ಅಂಟಿಸಿದೆ. ಫೋಟೊ ಆಯಿತು. ಕೀಳುವಾಗ ಒಳಗೆ ಗೊರಕೆ ನಿಂತಿತು. ಒಂದು ಕೆಮ್ಮು. ಮಗ್ಗುಲು ತಿರುಗಿರಬೇಕು, ಮತ್ತೆ ಶಿಳ್ಳೆ ಶುರುವಾಯಿತು. ನಾನು ಫಾರಂ ತೆಗೆದು ಬೀಗಕ್ಕೆ ಗುರುತು ಹಾಕಿ, ಕೆಳಗೆ "ವಾಸವಿಲ್ಲ" ಎಂದು ಬರೆದು ಸಹಿ ಮಾಡಿದೆ. ಅಕ್ಷರ ಸ್ವಲ್ಪವೂ ನಡುಗಿರಲಿಲ್ಲ. ಆಮೇಲೆ ಕೋರ್ಟಿನಲ್ಲಿ ಆ ಹಾಳೆ ತೋರಿಸಿದಾಗ ನೋಡಿದೆ, ನಲವತ್ತೆರಡರಲ್ಲೂ ಅದೇ ದುಂಡು ಅಕ್ಷರ.

ಭಾನುವಾರ ಸಂಜೆ ಲೈನಿಗೆ ಹೋದೆ. ಹೋಗದಿದ್ದರೆ ಅಮ್ಮ ಕೇಳುತ್ತಾಳೆ. ಅಮ್ಮ ಬಾಗಿಲ ಮುಂದೆ ಕುಕ್ಕುರುಗಾಲಲ್ಲಿ ಕೂತು ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಿದ್ದಳು.

"ನೋಡೇ ಇಲ್ಲಿ. ಯಾರೋ ಏನೋ ಬಳಿದು ಹೋಗಿದಾರೆ. ನಾಲ್ಕು ಮೂಲೇಲೂ ಬಿಳಿ ಕಲೆ. ಎಲ್ಲರ ಮನೆಗೂ ಇದೆ. ನೀನು ದಿನಾ ಇದೇ ಕೆಲ್ಸ ಮಾಡೋಳಲ್ವಾ, ಏನಿದು ಅಂತ ನೋಡಿ ಹೇಳು."

ಬಗ್ಗಿ ನೋಡಿದೆ. ನಾನೇ ಮುಟ್ಟಿಸಿದ್ದನ್ನು ಉಗುರಲ್ಲಿ ಕೆರೆದು ನೋಡಿದೆ. "ಯಾವುದೋ ಸಿನಿಮಾ ಪೋಸ್ಟರ್ ಇರ್ಬೇಕಮ್ಮ" ಅಂದೆ.

"ನಮ್ಮ ಬಾಗಿಲಿಗೆ ಯಾವ ಸಿನಿಮಾನೇ?" ಎಂದು ನಕ್ಕಳು. ಪಕ್ಕದ ಮನೆಯವಳಿಗೆ ಕೂಗಿ ಹೇಳಿದಳು: "ಏನೂ ಇಲ್ವಂತೆ, ಸಿನಿಮಾದ್ದಂತೆ. ನಮ್ಮ ಹುಡುಗಿ ನೋಡಿದ್ಲು."

ನಾನು ನೋಡಿ ಹೇಳಿದ್ದೆ, ಅಷ್ಟು ಸಾಕಾಗಿತ್ತು ಅವರಿಗೆ. ವಸತಿ ಕಚೇರಿಯಲ್ಲಿ ನಮ್ಮವಳೊಬ್ಬಳಿದ್ದಾಳೆ, ಏನೇ ಬಂದರೂ ನಮಗೆ ಮೊದಲೇ ತಿಳಿಯುತ್ತದೆ ಅಂತ ಇಡೀ ಲೈನು ನೆಮ್ಮದಿಯಾಗಿತ್ತು.

ಹದಿನೈದು ದಿನ ಕಳೆಯಿತು. ಯಾರೂ ಉತ್ತರ ಕೊಡಲಿಲ್ಲ. ಎಲ್ಲಿಂದ ಕೊಡುತ್ತಾರೆ? ಇಪ್ಪತ್ತನೆಯ ದಿನ ಪೊಲೀಸರ ಜೊತೆ ಬೇರೊಬ್ಬ ಹೋಗಿ ಗಟ್ಟಿ ಅಂಟಿನಲ್ಲಿ ಆದೇಶ ಅಂಟಿಸಿ ಬಂದ. ಏಳು ದಿನದಲ್ಲಿ ಖಾಲಿ ಮಾಡಿ.

ಮಾರನೆಯ ದಿನ ಹನ್ನೊಂದು ಗಂಟೆಗೆ ಲೈನಿನವರು ಕಚೇರಿಗೆ ಬಂದರು. ಇಪ್ಪತ್ತು ಜನ ಇರಬಹುದು. ರಾತ್ರಿಯೆಲ್ಲ ಗುಡಿಸಿ, ಮಲಗದೆ, ಕಿತ್ತಳೆ ಬಣ್ಣದ ಕೋಟು ಕೂಡ ಬಿಚ್ಚದೆ ಬಂದಿದ್ದರು. ಕಚೇರಿಯ ಹೆಂಗಸರು ಮೂಗಿಗೆ ಕರ್ಚೀಫು ಹಿಡಿದರು. ಎಲ್ಲರಿಗಿಂತ ಮುಂದೆ ಅಮ್ಮ. ನಾನು ಕೌಂಟರಿನ ಒಳಗೆ ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದೆ. ಅಡಗಲು ಜಾಗ ಇರಲಿಲ್ಲ.

ಸಾಹೇಬರು ಬಾಗಿಲವರೆಗೆ ಬಂದರು. "ಏನ್ರೀ ನಿಮ್ಮ ಗಲಾಟೆ? ಅಲ್ಲಿ ಯಾರೂ ವಾಸ ಇಲ್ಲ ಅಂತ ವರದಿ ಇದೆ."

"ಯಾರೂ ಇಲ್ವಾ?" ಅಂದಳು ಅಮ್ಮ. "ಹಾಗಾದ್ರೆ ನಾನ್ಯಾರು ಸ್ವಾಮಿ?"

"ಅದು ನನಗೇನು ಗೊತ್ತಮ್ಮ? ನೀನು ಯಾರೋ ಆಗಿರ್ಬಹುದು. ನನ್ನ ಹತ್ರ ವರದಿ ಇದೆ, ಫೋಟೊ ಇದೆ, ಸಹಿ ಇದೆ."

"ಯಾರ ಸಹಿ?"

ಸಾಹೇಬರು ನನ್ನ ಕಡೆ ತಿರುಗಲಿಲ್ಲ. ಅವರಿಗೆ ಅಷ್ಟು ಬುದ್ಧಿ ಇತ್ತು. "ಇಲಾಖೆ ಸಹಿ" ಎಂದು ಒಳಗೆ ಹೋದರು.

ಅಮ್ಮ ಅಲ್ಲೇ ನಿಂತಳು. ಬಾಯಿ ಒಣಗಿ ತುಟಿ ಅಂಟಿಕೊಂಡಿತ್ತು. ಅವಳ ಕಣ್ಣು ನನ್ನ ಮೇಲೆ ಬಿತ್ತು. ಈಗ ಕರೆಯುತ್ತಾಳೆ ಅಂದುಕೊಂಡೆ. ಮಗಳೇ ಅನ್ನುತ್ತಾಳೆ, ಎಲ್ಲರಿಗೂ ಗೊತ್ತಾಗುತ್ತದೆ, ಮುಗಿಯಿತು ನನ್ನ ಕಥೆ.

"ಮೇಡಂ," ಅಂದಳು ಅಮ್ಮ. "ಕುಡಿಯೋಕೆ ಒಂದು ಲೋಟ ನೀರು ಕೊಡ್ತೀರಾ?"

ಕೊಟ್ಟೆ. ಲೋಟ ಹಿಡಿದ ಅವಳ ಬೆರಳು ನನ್ನ ಬೆರಳಿಗೆ ತಾಗಿತು. ಕುಡಿದು, ಲೋಟವನ್ನು ಕೌಂಟರಿನ ಮೇಲಿಟ್ಟು, "ತುಂಬಾ ಉಪಕಾರ ಆಯ್ತು ಮೇಡಂ" ಎಂದು ಹೊರಟಳು. ನನ್ನ ಮಾನ ಉಳಿಸಲು ಹೆತ್ತವಳು ನನ್ನನ್ನು ಬಹುವಚನದಲ್ಲಿ ಕರೆದಳು. ಭೂಮಿ ಬಾಯಿ ಬಿಡಬಾರದೇ ಅಂತ ಜನ ಹೇಳುವುದನ್ನು ಕೇಳಿದ್ದೆ, ಅದು ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು. ಗುಮಾಸ್ತ ಆ ಲೋಟ ಎತ್ತಿ ಕಸದ ಬುಟ್ಟಿಗೆ ಹಾಕಿದ. ನಾನು ನೋಡುತ್ತಾ ನಿಂತಿದ್ದೆ.

ಅವತ್ತು ಸಂಜೆ ಅಮ್ಮ ಫೋನು ಮಾಡಿದಳು. "ನಿನಗೆ ಗೊತ್ತಿತ್ತೇನೇ?" ಎಂದು ಒಂದೇ ಮಾತು ಕೇಳಿದಳು. "ಅದು ನಮ್ಮ ಸೆಕ್ಷನ್ ಅಲ್ಲಮ್ಮ" ಅಂದೆ. "ಹೂಂ, ಮತ್ತೆ. ಗೊತ್ತಿದ್ರೆ ಹೇಳ್ತಿರಲಿಲ್ವಾ ನೀನು" ಎಂದು ಅವಳೇ ಸಮಾಧಾನ ಮಾಡಿಕೊಂಡಳು.

ಲೈನಿನವರಿಗೆ ಯಾರೋ ಒಬ್ಬ ಲಾಯರಮ್ಮನನ್ನು ತೋರಿಸಿಕೊಟ್ಟರು. ಕಾಸು ಕೇಳದೆ ಕೇಸು ನಡೆಸುವವರು. ಅವರು ಓಡಾಡಿ, ಏಳು ದಿನ ಮುಗಿಯುವ ಮೊದಲೇ ತೆರವಿಗೆ ತಡೆ ತಂದರು. ಯಾರಿಗೂ ನೋಟಿಸ್ ಮುಟ್ಟಿಲ್ಲ, ಜನ ಅಲ್ಲೇ ವಾಸ ಇದ್ದಾರೆ ಎನ್ನುವುದು ಅವರ ವಾದ. ಹಾಗಾದರೆ ಅಂಟಿಸಿದವರು ಬಂದು ಹೇಳಲಿ ಅಂದರು ನ್ಯಾಯಾಧೀಶರು.

ಸಾಹೇಬರು ನನ್ನನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದರು. "ಹೆದರಬೇಡಮ್ಮ. ನೀನು ಒಂದೇ ಒಂದು ಸುಳ್ಳೂ ಹೇಳೋದು ಬೇಡ. ಬೀಗ ಇತ್ತಾ? ಇತ್ತು. ಅಂಟಿಸಿದ್ಯಾ? ಅಂಟಿಸ್ದೆ. ಸಹಿ ನಿಂದಾ? ನಂದೇ. ಮೂರೇ ಮಾತು. ಇಳಿದು ಬಾ." ನೀಲಿ ಫೈಲನ್ನು ತೆರೆದು ತೋರಿಸಿದರು. ಸಹಿ ಬಿದ್ದಿತ್ತು. ತಾರೀಖು ಮಾತ್ರ ಬರೆದಿರಲಿಲ್ಲ.

ಕೋರ್ಟಿನಲ್ಲಿ ಲೈನಿನವರು ಹತ್ತು ಜನ ಬಂದಿದ್ದರು. ಉಳಿದವರು ಮಲಗದಿದ್ದರೆ ರಾತ್ರಿ ಕೆಲಸಕ್ಕೆ ಆಗುವುದಿಲ್ಲ. ಅಮ್ಮ ಕೊನೆಯ ಬೆಂಚಿನಲ್ಲಿದ್ದಳು. ಸಾಕ್ಷಿಕಟ್ಟೆಗೆ ನಾನು ಹತ್ತಿದ್ದನ್ನು ನೋಡಿ ಅವಳ ಮುಖ ಅರಳಿತು. ತಮ್ಮ ಪರವಾಗಿ ಮಾತಾಡಲು ಬಂದಿದ್ದೇನೆ ಅಂದುಕೊಂಡಳು. ಪಕ್ಕದವಳನ್ನು ಮೊಣಕೈಯಲ್ಲಿ ತಿವಿದು ತೋರಿಸಿದಳು.

ಇಲಾಖೆಯ ವಕೀಲರು ಎದ್ದರು.

"ಬಾಗಿಲಿಗೆ ಬೀಗ ಇತ್ತಾ?"

"ಇತ್ತು."

"ನಲವತ್ತೆರಡು ಮನೆಗೂ?"

"ನಲವತ್ತೆರಡಕ್ಕೂ."

"ನೋಟಿಸ್ ಅಂಟಿಸಿದ್ದು ನೀವೇ? ಈ ಸಹಿ ನಿಮ್ಮದೇ?"

"ನಾನೇ. ನಂದೇ."

ಕೊನೆಯ ಬೆಂಚಿನ ಕಡೆ ನೋಡುವ ಧೈರ್ಯ ಬರಲಿಲ್ಲ. ಲಾಯರಮ್ಮ ಎದ್ದು "ಹಿಂಬಾಗಿಲು ನೋಡಿದ್ರಾ?" ಅಂದರು. "ಫಾರಂನಲ್ಲಿ ಹಿಂಬಾಗಿಲು ಇಲ್ಲ ಸ್ವಾಮಿ" ಎಂದು ಇಲಾಖೆಯ ವಕೀಲರು ನಡುವೆ ಬಾಯಿ ಹಾಕಿದರು. ಅದರ ಮೇಲೆ ಇಬ್ಬರಿಗೂ ವಾದ ಹತ್ತಿತು. ಕಾನೂನಿನ ನಂಬರುಗಳು ಹಾರಾಡಿದವು. ಕಾಲು ಗಂಟೆ ನಡೆಯಿತು. ನಾನು ಕಟಕಟೆ ಹಿಡಿದು ನಿಂತೇ ಇದ್ದೆ. ಆಮೇಲೆ ನ್ಯಾಯಾಧೀಶರು ನನಗೆ "ಆಯ್ತು, ನೀವಿನ್ನು ಇಳೀಬಹುದು" ಅಂದರು.

ಆಗ ಹಿಂದಿನಿಂದ ಒಂದು ಗದರಿಕೆ ಕೇಳಿಸಿತು. ಕೋರ್ಟಿನ ಜವಾನ ಅಮ್ಮನ ಭುಜ ತಟ್ಟಿ ಅಲ್ಲಾಡಿಸುತ್ತಿದ್ದ. "ಏಯ್, ಏಳಮ್ಮ! ಇದೇನು ಮಲಗೋ ಜಾಗನಾ? ನಿದ್ದೆ ಬಂದ್ರೆ ನಿನ್ನ ಮನೆಗೆ ಹೋಗಿ ಮಲಕ್ಕೋ!"

ರಾತ್ರಿಯೆಲ್ಲ ಗುಡಿಸಿ ಬಂದಿದ್ದಳು. ನನ್ನ ಉತ್ತರಗಳು ಅವಳಿಗೆಷ್ಟು ಅರ್ಥವಾಗಿದ್ದವೋ, ಆ ವಾದದ ನಡುವೆ ಕೂತಲ್ಲೇ ತೂಕಡಿಸಿದ್ದಳು. ದಿಗ್ಗನೆ ಎದ್ದು, ಯಾರು ಬೈದರು, ಯಾಕೆ ಬೈದರು ಗೊತ್ತಾಗದೆ, ಸುತ್ತ ಇದ್ದವರಿಗೆಲ್ಲ ಕೈ ಮುಗಿದಳು. "ತಪ್ಪಾಯ್ತು ಸ್ವಾಮಿ, ತಪ್ಪಾಯ್ತು" ಅಂದಳು. ಅವಳ ತಪ್ಪು! ಮೂವತ್ತೊಂದು ವರ್ಷ ಈ ಊರಿನ ಕೊಳೆ ಬಳಿದವಳು ಎರಡು ನಿಮಿಷ ಕಣ್ಣು ಮುಚ್ಚಿದ್ದು ತಪ್ಪು.

"ನಾನು ಇಳಿಯಲ್ಲ ಸ್ವಾಮಿ," ಅಂದೆ.

ಸಾಹೇಬರು ತಲೆ ಎತ್ತಿದರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು.

"ನಾನಿನ್ನೂ ಮುಗಿಸಿಲ್ಲ. ಅಂಟಿಸಿದೆ ಅಂದ್ನಲ್ಲ, ಫೋಟೊ ಆದ ಕೂಡಲೇ ಕಿತ್ತೆ. ನಲವತ್ತೆರಡೂ ಕಿತ್ತೆ. ಕೀಳೋಕೆ ಸುಲಭ ಆಗ್ಲಿ ಅಂತಾನೇ ಅಂಟು ತೆಳ್ಳಗೆ ಕಾಯಿಸಿದ್ದೆ. ಬೀಗ ಇತ್ತು, ನಿಜ. ಒಳಗೆ ಜನಾನೂ ಇದ್ರು. ರಾತ್ರಿ ಪಾಳಿಯವರು ನಿದ್ದೆಗೋಸ್ಕರ ಹೊರಗಿಂದ ಬೀಗ ಹಾಕಿಸ್ಕೋತಾರೆ. ಇದು ಸಾಹೇಬರಿಗೆ ಗೊತ್ತಿತ್ತು. ಗೊತ್ತಾಗಿದ್ದು ನನ್ನಿಂದ. ಅದಕ್ಕೇ ಹನ್ನೊಂದು ಗಂಟೆಗೆ ಕಳಿಸಿದ್ರು."

ಇಲಾಖೆಯ ವಕೀಲರು ಸರಕ್ಕನೆ ಎದ್ದರು. ಅಲ್ಲಿಯವರೆಗೆ ನೀವು ಅನ್ನುತ್ತಿದ್ದವರು ಈಗ ನೀನು ಅಂದರು. "ಒಳಗೆ ಜನ ಇದ್ದದ್ದನ್ನ ಕಣ್ಣಾರೆ ನೋಡಿದ್ಯೇನಮ್ಮ?"

"ನೋಡಿಲ್ಲ. ಗೊರಕೆ ಕೇಳಿಸ್ತು."

ಕೋರ್ಟಿನಲ್ಲಿ ನಗು ಎದ್ದಿತು. ವಕೀಲರಿಗೂ ನಗು ಬಂತು. "ಓಹೋ, ಗೊರಕೆ! ಯಾರ ಗೊರಕೆ ಅಂತ ಅದರ ಮೇಲೆ ಹೆಸರು ಬರ್ದಿತ್ತಾ? ಪಕ್ಕದ ಬೀದಿಯದ್ದೂ ಆಗಿರಬಹುದಲ್ಲ?"

"ನಮ್ಮಮ್ಮನ ಗೊರಕೆ ನನಗೆ ಗೊತ್ತಾಗಲ್ವಾ ಸ್ವಾಮಿ?"

ನಗು ನಿಂತುಹೋಯಿತು. ನಾನು ಕೊನೆಯ ಬೆಂಚಿನ ಕಡೆ ಬೆರಳು ತೋರಿಸಿದೆ. "ಅಗೋ, ಈಗ ತಪ್ಪಾಯ್ತು ಅಂದ್ರಲ್ಲ, ಅವರೇ. ಹದಿನೇಳನೇ ಮನೆ. ನಾನು ಅಲ್ಲೇ ಹುಟ್ಟಿದ್ದು. ನಾನು ಹೊರಗೆ ನಿಂತು 'ವಾಸವಿಲ್ಲ' ಅಂತ ಬರೀತಿದ್ದೆ, ಅವರು ಒಳಗೆ ಮಲಗಿದ್ರು."

ಅಮ್ಮ ಕೈ ಮುಗಿದುಕೊಂಡೇ ನಿಂತಿದ್ದಳು. ಕೈ ಇಳಿಸುವುದನ್ನು ಮರೆತಿದ್ದಳು.

ತೆರವಿನ ಆದೇಶ ರದ್ದಾಯಿತು. ಪ್ರತಿ ಮನೆಯವರ ಕೈಗೇ ಹೊಸದಾಗಿ ನೋಟಿಸ್ ಕೊಡಬೇಕು, ಅವರ ಮಾತು ಕೇಳಬೇಕು, ಬದಲಿ ಮನೆ ತೋರಿಸುವವರೆಗೆ ಒಬ್ಬರನ್ನೂ ಎಬ್ಬಿಸಬಾರದು ಎಂದಾಯಿತು. ಸಾಹೇಬರ ಮೇಲೆ ವಿಚಾರಣೆ ಅಂದರು. ವಿಚಾರಣೆ ಮುಗಿಯುವವರೆಗೆ ಅವರಿಗೆ ಸಂಬಳದ ರಜೆ. ನನಗೆ ಅವತ್ತೇ ಕೋರ್ಟಿನ ಮೆಟ್ಟಿಲ ಮೇಲೆ ಗುಮಾಸ್ತ ಬಂದು "ನಾಳೆಯಿಂದ ಬರೋದು ಬೇಡವಂತೆ" ಅಂದ. ಹಂಗಾಮಿಯವಳಿಗೆ ವಿಚಾರಣೆ ಎಲ್ಲಿಂದ ಬರಬೇಕು?

ಹೊರಗೆ ಲೈನಿನವರು ಲಾಯರಮ್ಮನ ಕೈ ಹಿಡಿದುಕೊಂಡು ಅತ್ತರು, ನಕ್ಕರು. ನನ್ನ ಹತ್ತಿರ ಯಾರೂ ಬರಲಿಲ್ಲ. ಅಮ್ಮ ಯಾರಿಗೂ ಕಾಯದೆ ಬಸ್ ಸ್ಟಾಪಿಗೆ ನಡೆದಳು. ನಾನು ನಾಲ್ಕು ಮಾರು ಹಿಂದೆ ನಡೆದೆ. ಬಸ್ಸಿನಲ್ಲಿ ಅವಳ ಪಕ್ಕ ಸೀಟು ಖಾಲಿ ಇತ್ತು. ಅವಳ ಮೈಮೇಲಿನ ಆ ಕಿತ್ತಳೆ ಕೋಟು ಕಂಡರೆ ಯಾರೂ ಪಕ್ಕ ಕೂರುವುದಿಲ್ಲ. ಕೂತೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ತಿರುಗದೆಯೇ ಕೇಳಿದಳು.

"ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆ?"

"ಒಂದು ನಿಮಿಷ ಇರ್ಬಹುದು."

"ಒಂದು ನಿಮಿಷ," ಅಂದಳು. "ಬಡೀಬಹುದಿತ್ತಲ್ಲೇ. ನೀನು ಎಬ್ಬಿಸಿದ್ರೆ ನಾನೇನು ಬೈತಿದ್ನಾ?"

ಕಪಾಳಕ್ಕೆ ಎರಡು ಬಿಗಿದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಲೈನಿನ ಸ್ಟಾಪು ಬಂತು. ನಾನು ಇಳಿಯಲೋ ಬೇಡವೋ ಎಂದು ಕೂತಿದ್ದೆ. "ಇಳಿ," ಅಂದಳು. ಇಳಿದೆ. ನಾಲ್ಕೂವರೆಯಾಗಿತ್ತು. ಬಾಗಿಲುಗಳೆಲ್ಲ ತೆರೆದಿದ್ದವು, ಜನ ಆಗಷ್ಟೇ ಎದ್ದು ಮುಖ ತೊಳೆಯುತ್ತಿದ್ದರು.

"ಕೋರ್ಟಿಗೆ ಬಂದಿದ್ದವರು ಹತ್ತು ಜನ. ಉಳಿದವರಿಗೆ ಇನ್ನೂ ಗೊತ್ತಿಲ್ಲ," ಅಂದಳು ಅಮ್ಮ. "ಬೇರೆಯವರ ಬಾಯಲ್ಲಿ ಕೇಳೋದು ಬೇಡ. ನೀನೇ ಹೇಳು. ಒಂದನೇ ಮನೆಯಿಂದ ಶುರು ಮಾಡು. ನಾನು ಬರ್ತೀನಿ ಜೊತೆಗೆ."

"ಅಮ್ಮ..."

"ನಡಿ."

ಮೊದಲ ಮನೆಯ ಮೆಟ್ಟಿಲ ಮೇಲೆ ಬೀಗದಜ್ಜಿ ಇದ್ದಳು. ಹೇಳಿದೆ. ಮುದುಕಿ ಅರ್ಥವಾಗದೆ ನನ್ನ ಧ್ವನಿ ಬಂದ ಕಡೆ ಮುಖ ಮಾಡಿ ಕೂತಿದ್ದಳು. ಆಮೇಲೆ ತನ್ನ ಎರಡು ಕೈಗಳನ್ನೂ ಕಣ್ಣಿನ ಹತ್ತಿರ ತಂದು ನೋಡಿಕೊಂಡಳು. "ನಾನು ಹಿಡ್ಕೊಂಡಿದ್ನಲ್ಲೇ," ಅಂದಳು. "ನಾನೇ ಹಿಡ್ಕೊಂಡಿದ್ನಲ್ಲೇ ಕಾಗದಾನ." ಅವಳು ಅತ್ತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಒಂದೊಂದು ಬಾಗಿಲಲ್ಲೂ ನಿಂತೆ. ನಿಮ್ಮ ಮನೆ ನೋಟಿಸ್ ಕದ್ದವಳು ನಾನು, ನೀವು ಇಲ್ಲಿ ಇಲ್ಲ ಅಂತ ಬರೆದವಳು ನಾನು. ಅಷ್ಟೇ ಮಾತು. ಒಬ್ಬಳು ಉಗಿದಳು. ಒಬ್ಬ ಬಾಗಿಲು ಹಾಕಿಕೊಂಡ. ನನ್ನ ಜೊತೆ ಶಾಲೆಗೆ ಬಂದಿದ್ದವಳೊಬ್ಬಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, ಪೂರ್ತಿ ಕೇಳಿ, "ಹೋಗ್ಲಿ ಬಿಡೇ, ಕೊನೆಗೆ ಹೇಳಿದ್ಯಲ್ಲ" ಅಂದಳು. ಉಗಿದದ್ದಕ್ಕಿಂತ ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಹದಿನೇಳನೆಯ ಬಾಗಿಲು ಬಂದಾಗ ಅಮ್ಮ ನಿಲ್ಲಲಿಲ್ಲ, ಹದಿನೆಂಟಕ್ಕೆ ನಡೆದಳು. ಇಪ್ಪತ್ತರ ಹೊತ್ತಿಗೆ ಗಂಟಲು ಕಟ್ಟಿತು. ಮೂವತ್ತರ ಹೊತ್ತಿಗೆ ಮಾತು ಪಿಸುಗುಟ್ಟಿದ ಹಾಗೆ ಬರುತ್ತಿತ್ತು.

ನಲವತ್ತೆರಡನೆಯ ಮನೆಯವನು ಚರಂಡಿ ಹೀರುವ ಯಂತ್ರದ ಕೆಲಸದವನು. ಆ ಯಂತ್ರದ ಸದ್ದಿಗೆ ಅವನ ಕಿವಿ ಅರ್ಧ ಹೋಗಿದೆ. ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದ. ನನ್ನನ್ನು ಕಂಡು ನಕ್ಕ. ಚಿಕ್ಕವಳಿದ್ದಾಗಿನಿಂದ ನನ್ನನ್ನು ಎತ್ತಿ ಆಡಿಸಿದವನು. ಹೇಳಿದೆ.

"ಏನು ಮಗಳೇ?" ಎಂದು ಕಿವಿಗೆ ಕೈ ಅಡ್ಡ ಇಟ್ಟು ಬಗ್ಗಿದ. "ಕೇಳಿಸ್ಲಿಲ್ಲ."

ನಾನು ಹಿಂದೆ ತಿರುಗಿ ನೋಡಿದೆ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು.

"ಜೋರಾಗಿ ಹೇಳೇ," ಅಂದಳು.